ರಾಜೀವ ಆಮೇಲೆ ಎಲ್ಲಿಗೆ ಹೋದ? ಫ್ಯಾನ್ ಫಿಕ್ಷನ್, ನೆಚ್ಚಿನ ನಟರು ಮತ್ತು ನಮ್ಮನೆ ಬೇರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)



ಹೋದ ಸಂಚಿಕೆಯಲ್ಲಿ ಹಳೆಯ ಸಿನಿಮಾಗಳ ಬಗ್ಗೆ ಮಾತಾಡ್ತಾ ಮಾತಾಡ್ತಾ ‘ನಾನೂ ಒಂದಿಷ್ಟು ಫ್ಯಾನ್ ಫಿಕ್ಷನ್ ಬರ್ದಿದ್ದೀನಿ’ ಅಂತ ಬಾಯಿಬಿಟ್ಟಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಇವತ್ತಿನ ವಿಷಯ. ಫ್ಯಾನ್ ಫಿಕ್ಷನ್ ಅಂದ್ರೆ ಏನು? ಬೇರೆಯವರ ಕಥೆ ಕದಿಯೋದಲ್ವಾ ಅದು? ದೊಡ್ಡವರಾದ ಮೇಲೂ ಇದನ್ನೆಲ್ಲ ಬರೀತಾರಾ? ಮೂರನೇದಕ್ಕೆ ಉತ್ತರ ಮೊದಲೇ ಹೇಳಿಬಿಡ್ತೀನಿ. ಬರೀತಾರೆ. ನನಗೆ ಮೂವತ್ತು ದಾಟಿದೆ.

ಉಳಿದ ಎರಡಕ್ಕೆ ಸ್ವಲ್ಪ ಸಮಯ ಬೇಕು. ಕೊನೆಗೆ ನಮ್ಮನೆಯ ಒಂದು ಸಂಗತಿಯೂ ಇದೆ. ಅದನ್ನು ಹೇಳಬಹುದಾ ಅಂತ ಅಪ್ಪನನ್ನು ಕೇಳಿದೆ. ‘ಊರಿನ ಹೆಸರು, ನಮ್ಮ ಹೆಸರು ಬ್ಯಾಡ. ಉಳಿದಿದ್ದು ಹೇಳು’ ಅಂದರು. ಹಾಗೇ ಮಾಡ್ತೀನಿ.

ಅಭಿಮಾನಿ ಬರೆಯೋ ಕಥೆ

ಫ್ಯಾನ್ ಫಿಕ್ಷನ್ ಅಂದ್ರೆ ಒಬ್ಬ ಅಭಿಮಾನಿ, ತಾನು ಮೆಚ್ಚಿದ ಸಿನಿಮಾದ ಅಥವಾ ಪುಸ್ತಕದ ಪಾತ್ರಗಳನ್ನು ತಗೊಂಡು, ತನ್ನದೇ ಕಥೆ ಬರೆಯೋದು. ದುಡ್ಡಿಗಲ್ಲ, ಪ್ರೀತಿಗೆ. ಕೆಲವು ಸಲ ಸಿಟ್ಟಿಗೆ.

ಇದರ ಹಳೆಯ ಉದಾಹರಣೆ ಅಂತ ಎಲ್ಲರೂ ಹೇಳೋದು ಷರ್ಲಾಕ್ ಹೋಮ್ಸ್. 1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರನನ್ನು ಜಲಪಾತಕ್ಕೆ ಬೀಳಿಸಿ ಸಾಯಿಸಿಬಿಟ್ಟ. ಓದುಗರು ಒಪ್ಪಲಿಲ್ಲ. 1903ರಲ್ಲಿ ಲೇಖಕನೇ ಅವನನ್ನು ಬದುಕಿಸಿ ವಾಪಸ್ ಕರ್ಕೊಂಡು ಬಂದ. ಹೋಮ್ಸ್‌ನನ್ನು ಇಟ್ಟುಕೊಂಡು ಬೇರೆಯವರು ಬರೆದ ಕಥೆಗಳಿಗಂತೂ ಆಗಿಂದ ಈಗಿನವರೆಗೂ ಲೆಕ್ಕ ಇಲ್ಲ.

ಈಗ ನಾವು ನೋಡೋ ರೂಪ ಶುರುವಾಗಿದ್ದು ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಿಂದ. ಅದು 1966ರಲ್ಲಿ ಟಿವಿಯಲ್ಲಿ ಬಂತು. ಮಾರನೇ ವರ್ಷವೇ, 1967ರಲ್ಲಿ, ಅಭಿಮಾನಿಗಳು ‘ಸ್ಪಾಕನೇಲಿಯಾ’ ಅನ್ನೋ ಪತ್ರಿಕೆ ಮಾಡಿದರು. ಇಂಥ ಪತ್ರಿಕೆಗಳನ್ನು ಮನೆಯಲ್ಲೇ ಟೈಪ್ ಮಾಡಿ, ಪ್ರತಿ ತೆಗೆದು, ಅಂಚೆಯಲ್ಲಿ ಕಳಿಸ್ತಿದ್ದರು. ಬರೆಯೋರಲ್ಲಿ ಹೆಚ್ಚಿನವರು ಹೆಂಗಸರು. ಆಮೇಲೆ ಇಂಟರ್ನೆಟ್ ಬಂತು. 1998ರಲ್ಲಿ ‘ಫ್ಯಾನ್‌ಫಿಕ್ಷನ್ ಡಾಟ್ ನೆಟ್’, 2009ರಲ್ಲಿ ಅಭಿಮಾನಿಗಳೇ ಲಾಭದ ಉದ್ದೇಶ ಇಲ್ಲದೆ ಕಟ್ಟಿದ ‘ಆರ್ಕೈವ್ ಆಫ್ ಅವರ್ ಓನ್’ ಬಂತು. 2019ರಲ್ಲಿ ಈ ಆರ್ಕೈವ್‌ಗೆ, ವಿಜ್ಞಾನ ಕಥೆಗಳ ಲೋಕದಲ್ಲಿ ತುಂಬ ದೊಡ್ಡದು ಅಂತ ಎಣಿಸೋ ಹ್ಯೂಗೊ ಪ್ರಶಸ್ತಿ ಸಿಕ್ಕಿತು.

ಇಷ್ಟು ವರ್ಷದಲ್ಲಿ ಈ ಬರಹಕ್ಕೆ ಅದರದ್ದೇ ಪರಿಭಾಷೆ ಬೆಳೆದಿದೆ. ಮೂರು ಪದ ಗೊತ್ತಿದ್ರೆ ಸಾಕು. ನಮ್ಮ ಸಿನಿಮಾನೇ ಇಟ್ಕೊಂಡು ಹೇಳ್ತೀನಿ.

ಮೊದಲನೇದು ‘ಕ್ಯಾನನ್’. ಮೂಲದಲ್ಲಿ ನಡೆದದ್ದು ಏನೋ ಅದು. 1972ರ ‘ನಾಗರಹಾವು’ ತಗೊಳ್ಳಿ. ರಾಮಾಚಾರಿ ಚಿತ್ರದುರ್ಗದ ಹುಡುಗ, ಅವನಿಗೆ ಚಾಮಯ್ಯ ಮೇಷ್ಟ್ರು ಅಂದ್ರೆ ಪ್ರಾಣ. ಇದು ಕ್ಯಾನನ್. ಇದನ್ನು ಬಿಟ್ಟು ಬರೆದರೆ ಅವನು ರಾಮಾಚಾರಿ ಆಗಿರಲ್ಲ, ಅದೇ ಹೆಸರಿನ ಬೇರೆ ಯಾರೋ ಆಗಿರ್ತಾನೆ.

ಎರಡನೇದು ‘ಫಿಕ್ಸ್-ಇಟ್’. ನಮಗೆ ಹೊಟ್ಟೆ ಉರಿಸಿದ ಕಡೆ ಹೋಗಿ ರಿಪೇರಿ ಮಾಡೋದು. ಆ ಬೆಟ್ಟದ ತುದೀಲಿ ಮೇಷ್ಟ್ರು ಇನ್ನೊಂದು ಮಾತಾಡಿದ್ರೆ? ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಕೆಳಗಿಳಿದು ಬಸ್ ಹತ್ತಿದ್ರೆ? ಈ ಸಿನಿಮಾ ನೋಡಿ ಮಲಗಿದ ರಾತ್ರಿ ಹೀಗೆ ಯೋಚನೆ ಮಾಡದವರು ಕಮ್ಮಿ. ಅದನ್ನು ಕಾಗದಕ್ಕೆ ಇಳಿಸಿದರೆ ಅದು ಫಿಕ್ಸ್-ಇಟ್.

ಮೂರನೇದು ‘ಮೇರಿ ಸ್ಯೂ’. ಬರೆಯೋರು ತಮ್ಮನ್ನೇ ಕಥೆಯೊಳಗೆ ತಂದು, ಎಲ್ಲರಿಗಿಂತ ಚೆಂದ, ಎಲ್ಲರಿಗಿಂತ ಜಾಣೆ ಅಂತ ಮಾಡ್ಕೊಳ್ಳೋದು. 1973ರಲ್ಲಿ ಒಬ್ಬ ಅಭಿಮಾನಿಯೇ ಇದನ್ನು ಗೇಲಿ ಮಾಡಿ ಒಂದು ಪುಟ್ಟ ಕಥೆ ಬರೆದಳು. ಅದರ ನಾಯಕಿಯ ಹೆಸರು ಮೇರಿ ಸ್ಯೂ. ಹೆಸರು ಹಾಗೇ ಅಂಟಿಕೊಂಡಿತು. ನಾನು ಹೈಸ್ಕೂಲಲ್ಲಿದ್ದಾಗ ರೂಲ್ಡ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದ ಮೊದಲ ಕಥೆಯಲ್ಲಿ, ಮಾಲ್ಗುಡಿಗೆ ಹೊಸದಾಗಿ ಒಬ್ಬಳು ಹುಡುಗಿ ಬರ್ತಾಳೆ. ಅವಳಿಗೆ ಗಣಿತದಲ್ಲಿ ನೂರಕ್ಕೆ ನೂರು. ಯಾರು ಅಂತ ಹೇಳಬೇಕಾ?

ನಮ್ಮಲ್ಲಿ ಇರಲಿಲ್ವಾ?

ಇದನ್ನೆಲ್ಲ ಕೇಳಿ ‘ಇದು ಹೊರಗಿನವರದ್ದು, ನಮಗೆ ಯಾಕೆ’ ಅನ್ನಿಸಬಹುದು. ಆದರೆ ಗೊತ್ತಿರೋ ಪಾತ್ರವನ್ನು ತಗೊಂಡು ಹೊಸದಾಗಿ ಮಾತಾಡಿಸೋ ಚಾಳಿ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಕರಾವಳಿ, ಮಲೆನಾಡಿನ ಕಡೆಯವರು ತಾಳಮದ್ದಳೆ ನೋಡಿರ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡ್ತಾರೆ. ವಾಲಿವಧೆ ಪ್ರಸಂಗ ಅಂದ್ಕೊಳ್ಳಿ. ವಾಲಿ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತು, ಅದು ಬದಲಾಗಲ್ಲ. ಆದರೆ ಸಾಯೋ ಮುಂಚೆ ಅವನು ರಾಮನಿಗೆ ಏನೇನು ಕೇಳ್ತಾನೆ ಅನ್ನೋದು ಆ ರಾತ್ರಿ, ಆ ಅರ್ಥಧಾರಿಗೆ ಬಿಟ್ಟಿದ್ದು. ಬರೆದಿಟ್ಟ ಮಾತಿಲ್ಲ. ಜನ ನಿದ್ದೆಗೆಟ್ಟು ಕೂರೋದೂ ಅದಕ್ಕೇ.

ಇನ್ನೂ ಹಿಂದಕ್ಕೆ ಹೋಗೋಣ. ಹತ್ತನೇ ಶತಮಾನದ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಒಡೆಯ ಅರಿಕೇಸರಿಯನ್ನೂ ಅರ್ಜುನನನ್ನೂ ಒಂದು ಮಾಡಿ ಮಹಾಭಾರತ ಹೇಳಿದ. ಅಲ್ಲಿ ದ್ರೌಪದಿ ಐವರ ಹೆಂಡತಿ ಅಲ್ಲ, ಅರ್ಜುನನಿಗೆ ಮಾತ್ರ ಹೆಂಡತಿ. ರನ್ನ ಬಂದು ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ತಾನು ಮೆಚ್ಚಿದ ಮನುಷ್ಯನನ್ನು ತಾನು ಮೆಚ್ಚಿದ ಪಾತ್ರದೊಳಗೆ ಕೂರಿಸೋದು ಅನ್ನೋದಾದ್ರೆ, ಇದಕ್ಕಿಂತ ಹಳೆಯ ಉದಾಹರಣೆ ಕನ್ನಡದಲ್ಲಿ ಬೇಕಾ?

ಹಾಗಂತ ಪಂಪನನ್ನು ಫ್ಯಾನ್ ಫಿಕ್ಷನ್ ಬರಹಗಾರ ಅಂತ ಕರೆಯೋಕೆ ಹೋಗಲ್ಲ, ಬೈಸಿಕೊಳ್ಳೋ ಆಸೆ ಇಲ್ಲ. ವ್ಯತ್ಯಾಸವೂ ಇದೆ. ಭಾರತ, ರಾಮಾಯಣ ಯಾರೊಬ್ಬರ ಸ್ವತ್ತೂ ಅಲ್ಲ. ಸಿನಿಮಾಗೆ ಒಡೆಯರಿದ್ದಾರೆ. ಅದಕ್ಕೆ ಆಮೇಲೆ ಬರ್ತೀನಿ.

ನಟರೋ, ನೆಂಟರೋ?

ಅದಕ್ಕೆ ಮುಂಚೆ ನಮ್ಮಲ್ಲಿ ಮಾತ್ರ ಬರೋ ಒಂದು ತೊಡಕು ಹೇಳಬೇಕು. ಸ್ಟಾರ್ ಟ್ರೆಕ್ ಅಭಿಮಾನಿ ಮೆಚ್ಚೋದು ಸ್ಪಾಕ್ ಅನ್ನೋ ಪಾತ್ರವನ್ನು. ನಾವು ಮೆಚ್ಚೋದು ಯಾರನ್ನ? ‘ಬಂಗಾರದ ಮನುಷ್ಯ’ ನೋಡಿ ಬಂದವರು ‘ರಾಜೀವ ಎಷ್ಟು ಒಳ್ಳೆಯವನು’ ಅನ್ನಲ್ಲ. ‘ಅಣ್ಣಾವ್ರು ಎಷ್ಟು ಕಷ್ಟಪಟ್ರು’ ಅಂತಾರೆ.

ಆ ಪದ ಗಮನಿಸಿ. ಅಣ್ಣಾವ್ರು. ಶಂಕ್ರಣ್ಣ. ವಿಷ್ಣು ದಾದಾ. ನಾವು ನಟರನ್ನು ಕರೆಯೋ ಹೆಸರೆಲ್ಲ ಮನೆಯೊಳಗಿನವು. ರಾಜ್‌ಕುಮಾರ್ ಕೂಡ ನಮ್ಮನ್ನು ಪ್ರೇಕ್ಷಕರು ಅನ್ನಲಿಲ್ಲ, ಅಭಿಮಾನಿ ದೇವರುಗಳು ಅಂದರು. ನಟನನ್ನು ನೆಂಟನನ್ನಾಗಿ ಮಾಡಿಕೊಂಡ ಮೇಲೆ ಅವನ ಪಾತ್ರ ಯಾವುದು, ಅವನು ಯಾರು ಅನ್ನೋ ಗೆರೆ ಅಳಿಸಿಹೋಗುತ್ತೆ.

ನನಗೆ ಅಚ್ಚುಮೆಚ್ಚಿನವರು ಮೂವರು. ಒಬ್ಬರು ರಾಜ್‌ಕುಮಾರ್. ಗಾಜನೂರಿನ ಮುತ್ತುರಾಜ. ತಂದೆ ಪುಟ್ಟಸ್ವಾಮಯ್ಯನವರು ನಾಟಕದವರು. ಮಗನೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ 1954ರಲ್ಲಿ ‘ಬೇಡರ ಕಣ್ಣಪ್ಪ’ನಾದವರು. ಅವರ ಮಾತಿನ ಸ್ಪಷ್ಟತೆ ಎಲ್ಲಿಂದ ಬಂತು ಅಂದ್ರೆ ಮೈಕಿಲ್ಲದ ಕಾಲದ ರಂಗಭೂಮಿಯಿಂದ, ಕೊನೇ ಸಾಲಿನವರಿಗೂ ಕೇಳಬೇಕಾದ ಅಗತ್ಯದಿಂದ.

ಇನ್ನೊಬ್ಬರು ಶಂಕರ್‌ನಾಗ್. 1980ರ ‘ಆಟೋ ರಾಜ’ ಆದಮೇಲೆ ಆಟೋಗಳ ಮೇಲೆ ಹತ್ತಿದ ಅವರ ಚಿತ್ರ ಇವತ್ತಿಗೂ ಇಳಿದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಅಪಘಾತದಲ್ಲಿ ತೀರಿಹೋದಾಗ ಅವರಿಗೆ 35 ವರ್ಷ. ‘ಶಂಕ್ರಣ್ಣ ಇದ್ದಿದ್ರೆ ಬೆಂಗಳೂರಿಗೆ ಮೆಟ್ರೋ ಯಾವತ್ತೋ ಬಂದಿರ್ತಿತ್ತು’ ಅನ್ನೋ ಮಾತು ನೀವೂ ಕೇಳಿರ್ತೀರಿ. ಅದೂ ಒಂದು ಕಥೆಯೇ, ಆಟೋದಲ್ಲಿ ಬಾಯಲ್ಲೇ ಬರೆದದ್ದು.

ಮೂರನೆಯವರ ಹೆಸರು ಕೇಳಿದ್ರೆ ಕೆಲವರು ನಗಬಹುದು. ಟಿ.ಎನ್. ಬಾಲಕೃಷ್ಣ. ನಾಯಕರಲ್ಲ, ಸುಂದರಾಂಗರೂ ಅಲ್ಲ. ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ. ಆದರೂ ಎದುರಿನವರ ಮಾತಿಗೆ ಅವರು ಕೊಡೋ ಉತ್ತರದ ಸಮಯಪ್ರಜ್ಞೆ ನೋಡಿ, ಕೂದಲೆಳೆ ಆಚೆ ಈಚೆ ಆಗಲ್ಲ. ‘ಬಂಗಾರದ ಮನುಷ್ಯ’ದಲ್ಲಿ ರಾಜೀವನ ಬೆನ್ನಿಗೆ ನಿಲ್ಲೋ ರಾಚೂಟಪ್ಪ ಅವರೇ. ಕಥೆ ಬರೆಯೋರಿಗೆ ಇಂಥ ಪಾತ್ರಗಳೇ ನಿಜವಾದ ಹೊಲ. ನಾಯಕನ ಬಗ್ಗೆ ಸಿನಿಮಾ ಎಲ್ಲ ಹೇಳಿಬಿಟ್ಟಿರುತ್ತೆ. ರಾಚೂಟಪ್ಪ ಮನೆಗೆ ಹೋದ ಮೇಲೆ ಏನು ಮಾಡ್ತಾನೆ ಅಂತ ಯಾರೂ ಹೇಳಿಲ್ಲ.

ಕಾನೂನು ಮತ್ತು ಮರ್ಯಾದೆ

ಈಗ ‘ಕದಿಯೋದಲ್ವಾ’ ಅನ್ನೋ ಪ್ರಶ್ನೆ. ನಮ್ಮಲ್ಲಿ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಸಿನಿಮಾದ ಹಕ್ಕು, ಅದು ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತೆ. 1972ರ ಸಿನಿಮಾ ಅಂದ್ರೆ 2032ರ ಕೊನೆಯವರೆಗೆ. ಕಾದಂಬರಿಗಾದ್ರೆ ಲೇಖಕರ ಜೀವಿತಾವಧಿ, ಅವರು ತೀರಿಕೊಂಡ ಮೇಲೆ ಮತ್ತೆ 60 ವರ್ಷ. ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾವ್ ಅವರ ಕಾದಂಬರಿ, ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. ಹಾಗಾಗಿ ಅಲ್ಲಿ ಎರಡೆರಡು ಹಕ್ಕು ಇರುತ್ತೆ. ನಿಮ್ಮ ಖುಷಿಗೆ ಬರೆದು ಗೆಳತಿಗೆ ಓದಿಸೋದು ಒಂದು, ಅದನ್ನೇ ಪುಸ್ತಕ ಮಾಡಿ ಮಾರೋದು ಇನ್ನೊಂದು. ನಾನು ಇಟ್ಟುಕೊಂಡಿರೋ ನಿಯಮ ಇಷ್ಟೇ: ಮೂಲ ಯಾರದ್ದು ಅಂತ ಮೇಲೆ ಬರೀತೀನಿ, ಸಿನಿಮಾದ ಸಂಭಾಷಣೆ ಎತ್ತಿ ಹಾಕಲ್ಲ, ಒಂದು ರೂಪಾಯಿ ಮುಟ್ಟಲ್ಲ.

ಕಾನೂನಿಗಿಂತ ದೊಡ್ಡದು ಮರ್ಯಾದೆ. ನಟರನ್ನು ನೆಂಟರನ್ನಾಗಿ ಮಾಡ್ಕೊಂಡಿದ್ದೀವಿ ಅಂದ್ನಲ್ಲ, ಅದರಿಂದ ನಾವು ಅವರ ಮನೆಯೊಳಗೂ ನುಗ್ತೀವಿ. ಅವರ ಮದುವೆ, ಅವರ ಜಗಳ, ಅವರ ಕೊನೇ ಮಾತು, ಎಲ್ಲದರ ಬಗ್ಗೆ ಕಥೆ ಕಟ್ತೀವಿ. ನಾನು ಅದನ್ನು ಬರೆಯಲ್ಲ. ರಾಜೀವ ಯಾರ ಅಪ್ಪನೂ ಅಲ್ಲ, ಅವನ ಬಗ್ಗೆ ಏನಾದ್ರೂ ಬರೀಬಹುದು. ರಾಜ್‌ಕುಮಾರ್ ಅವರಿಗೆ ಮಕ್ಕಳು ಮೊಮ್ಮಕ್ಕಳಿದ್ದಾರೆ. ನನ್ನ ಕಲ್ಪನೆ ಅವರ ನೆನಪಿನ ಮೇಲೆ ಕೂರಬಾರದು.

ಈ ನಿಯಮ ಮಾಡ್ಕೊಂಡಾಗ, ಅದು ನಮ್ಮನೆಗೂ ಅನ್ವಯ ಆಗುತ್ತೆ ಅಂತ ನನಗೆ ಹೊಳೆದಿರಲಿಲ್ಲ.

ನಡೆದುಹೋದ ಮೇಲೆ

‘ಬಂಗಾರದ ಮನುಷ್ಯ’ದ ಕಥೆ ಗೊತ್ತಲ್ಲ? ಸಿದ್ದಲಿಂಗಯ್ಯ ನಿರ್ದೇಶನ. ರಾಜೀವ ಅಕ್ಕನ ಮನೆಯ ಕಷ್ಟಕ್ಕೆ ಹೆಗಲು ಕೊಡೋಕೆ ಹಳ್ಳಿಯಲ್ಲೇ ಉಳೀತಾನೆ. ಬಂಡೆ ಒಡೆದು, ಬರಡು ನೆಲ ಹಸನು ಮಾಡ್ತಾನೆ. ಹೆಂಡತಿಯನ್ನು ಬಾವಿ ನುಂಗುತ್ತೆ. ಕೊನೆಗೆ ತಾನೇ ಓದಿಸಿ ಬೆಳೆಸಿದ ಅಕ್ಕನ ಮಗನೇ ಅನುಮಾನದ ಮಾತಾಡಿದಾಗ, ಒಂದು ಎದುರುಮಾತಿಲ್ಲದೆ ಎದ್ದು ನಡೆದುಬಿಡ್ತಾನೆ. ಆ ಸಿನಿಮಾ ನೋಡಿ ಪಟ್ಟಣ ಬಿಟ್ಟು ಊರಿಗೆ ಹೋಗಿ ಬೇಸಾಯ ಹಿಡಿದವರಿದ್ದಾರೆ ಅನ್ನೋ ಮಾತು ಈಗಲೂ ಇದೆ. ಆದರೆ ರಾಜೀವ ಎಲ್ಲಿಗೆ ಹೋದ? ಸಿನಿಮಾ ಹೇಳಲ್ಲ.

ಮೂರು ವರ್ಷದ ಹಿಂದೆ ನಾನು ಆ ಉತ್ತರ ಬರೆದೆ. ಹದಿನಾಲ್ಕು ಪುಟ. ನನ್ನ ಕಥೆಯಲ್ಲಿ ರಾಜೀವ ನಡೀತಾ ನಡೀತಾ ಒಂದು ಬಯಲುಸೀಮೆ ಹಳ್ಳಿಗೆ ಬರ್ತಾನೆ. ಹಿರಿಯೂರು ಕಡೆ. ನಮ್ಮೂರೇ ಅನ್ನಿ. ಕಡಲೆಕಾಯಿ ಬೆಳೆಯೋ ಕೆಂಪು ನೆಲ, ನೀರಿಲ್ಲ. ಯಾರಿಗೂ ಹೆಸರು ಹೇಳಲ್ಲ. ಬಾವಿ ತೋಡೋರ ಜೊತೆ ಸೇರ್ಕೊಂಡು, ನೀರು ಬಂದ ದಿನ ಒಂದು ಮರದ ಕೆಳಗೆ ಕೂತು ಮುದ್ದೆ ಉಣ್ತಾನೆ. ನೆಮ್ಮದಿಯಾಗಿದ್ದಾನೆ. ನನಗೆ ಅದು ತುಂಬ ಹಿಡಿಸಿತ್ತು. ಅಪ್ಪನೂ ಅಣ್ಣಾವ್ರ ಅಭಿಮಾನಿ ಅಲ್ವಾ, ಖುಷಿಪಡ್ತಾರೆ ಅಂತ ಪ್ರಿಂಟ್ ತೆಗೆದು ಕೊಟ್ಟೆ.

ಅಪ್ಪ ಓದಿದ್ರು. ಕನ್ನಡಕ ತೆಗೆದು ಪಕ್ಕಕ್ಕಿಟ್ರು. ಸ್ವಲ್ಪ ಹೊತ್ತು ಬಿಟ್ಟು, ‘ಇದು ರಾಜೀವ ಅಲ್ಲ ಕಣವ್ವ. ಇದು ನಿನ್ನ ಸಣ್ಣಜ್ಜ’ ಅಂದರು.

ನನಗೆ ಸಣ್ಣಜ್ಜ ಅಂತ ಒಬ್ಬರಿದ್ದರು ಅನ್ನೋದು ಗೊತ್ತಿತ್ತು, ಅಷ್ಟೇ. ಅಜ್ಜನ ತಮ್ಮ. ಮದುವೆ ಆಗಿರಲಿಲ್ಲ. ‘ಹೋದ’ ಅಂತಿದ್ರು. ಮಕ್ಕಳಿಗೆ ‘ಹೋದ’ ಅಂದ್ರೆ ತೀರಿಹೋದ ಅಂತ್ಲೇ ಅರ್ಥ. ಅವರು ನಿಜವಾಗಿ ಎದ್ದು ಹೋದವರು ಅಂತ ನನಗೆ ಯಾರೂ ಹೇಳಿರಲಿಲ್ಲ.

ಅವತ್ತು ಅಪ್ಪ ಹೇಳಿದ್ದು ಇಷ್ಟು. ಊರ ಹೊರಗೆ ಟೆಂಟ್ ಸಿನಿಮಾ ಬಂದಿತ್ತು. ‘ಬಂಗಾರದ ಮನುಷ್ಯ’ ಬಿಡುಗಡೆಯಾಗಿ ಮೂರ್ನಾಲ್ಕು ವರ್ಷ ಆಗಿರಬೇಕು. ಎಂಟು ವರ್ಷದ ಅಪ್ಪನನ್ನು ಹೆಗಲ ಮೇಲೆ ಕೂರಿಸ್ಕೊಂಡು ಸಣ್ಣಜ್ಜ ಕರ್ಕೊಂಡು ಹೋದರು. ಒಂದಲ್ಲ, ನಾಲ್ಕು ರಾತ್ರಿ. ಆಮೇಲೆ ಹೊಲದಲ್ಲಿ ಬಾವಿ ತೋಡಿಸೋ ಹುಚ್ಚು ಹತ್ತಿತು. ಸಾಲ ಮಾಡಿ ತೋಡಿಸಿದರು. ಬಂಡೆ ಸಿಕ್ಕಿತು, ನೀರು ಸಿಗಲಿಲ್ಲ. 1981ರಲ್ಲಿ ಒಂದು ರಾತ್ರಿ ಉಣ್ಣೋಕೆ ಕೂತಾಗ ಅಜ್ಜ ಸಾಲದ ಮಾತೆತ್ತಿದರು. ‘ಸಿನಿಮಾ ನೋಡಿ ಸಂಸಾರ ಮಾಡೋಕಾಗಲ್ಲ’ ಅಂದರು. ಸಣ್ಣಜ್ಜ ಕೈ ತೊಳೆದು, ಟವೆಲ್ ಹೆಗಲಿಗೆ ಹಾಕ್ಕೊಂಡು ಹೊರಗೆ ಹೋದರು. ಬೀಡಿ ಸೇದೋಕೆ ಹೋಗಿರ್ತಾನೆ ಅಂದ್ಕೊಂಡ್ರು. ಅಷ್ಟೇ.

ಆಮೇಲಿಂದ ಅಜ್ಜಿ ರೇಡಿಯೋದಲ್ಲಿ ಅಣ್ಣಾವ್ರ ಹಾಡು ಬಂದ್ರೆ ಆಫ್ ಮಾಡ್ತಿದ್ರಂತೆ. ‘ಆ ಸಿನಿಮಾದೋನೇ ನಮ್ಮ ಹುಡುಗನಿಗೆ ದಾರಿ ತೋರಿಸ್ದ’ ಅಂತ. ಅಪ್ಪ ಕದ್ದು ಕೇಳ್ತಿದ್ರು.

‘ನೀನು ಚೆನ್ನಾಗಿ ಬರ್ದಿದೀಯ’ ಅಂದರು ಅಪ್ಪ. ‘ಹೋದೋನು ಎಲ್ಲೋ ನೆಮ್ಮದಿಯಾಗವ್ನೆ ಅಂತ ಬರ್ದಿದೀಯ. ಅವನು ಹೋದ ಮ್ಯಾಲೆ ಮನೇಲಿ ಏನಾಯ್ತು ಅಂತ ಯಾಕೆ ಬರೀಲಿಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾ ರಾಜೀವನ ಹಿಂದೆ ಹೋಗುತ್ತೆ. ನಾನೂ ಅವನ ಹಿಂದೇನೇ ಹೋಗಿದ್ದೆ. ಆ ಮನೆಯಲ್ಲಿ ಅರ್ಧ ಉಂಡ ತಟ್ಟೆ ತೆಗೆದವರು ಯಾರು, ಅಕ್ಕ ಎಷ್ಟು ರಾತ್ರಿ ಬಾಗಿಲು ತೆರೆದಿಟ್ಟು ಮಲಗಿದಳು, ಮಾತಾಡಿದ ಆ ಹುಡುಗ ಮುಂದೆ ತನ್ನ ಮಕ್ಕಳಿಗೆ ಏನಂತ ಹೇಳಿದ, ಇದ್ಯಾವುದೂ ನನ್ನ ತಲೆಗೇ ಬಂದಿರಲಿಲ್ಲ. ನಮ್ಮನೆಯಲ್ಲಿ ಆ ‘ಹುಡುಗ’ ಅಂದ್ರೆ ನಮ್ಮಜ್ಜ. ಅವರು ಅಣ್ಣ, ಅಲ್ಲಿ ಅಕ್ಕನ ಮಗ, ಅಷ್ಟೇ ವ್ಯತ್ಯಾಸ. ಸಾಯೋವರೆಗೂ ಆ ಮಾತನ್ನು ಎತ್ತಿದವರಲ್ಲ. ಆದರೆ ಪ್ರತಿ ವರ್ಷ ಜಾತ್ರೆಗೆ ಹೋದಾಗ ಪರಿಷೆಯ ಜನದಲ್ಲಿ ಮುಖ ಹುಡುಕ್ತಾ ನಿಲ್ತಿದ್ರಂತೆ.

ಕಾಗದಗಳು ಹೇಳೋದು

ಇದು ಬರೀ ಭಾವನೆಯ ವಿಷಯ ಆಗಿದ್ರೆ ಇಲ್ಲಿಗೆ ಬಿಡಬಹುದಿತ್ತು. ಜಮೀನಿನ ವಿಷಯವೂ ಇದೆ.

ಹೊಲ ಅಜ್ಜ, ಸಣ್ಣಜ್ಜ ಇಬ್ಬರ ಹೆಸರಲ್ಲಿ ಜಂಟಿ ಖಾತೆ. ಅಜ್ಜ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಬೇಕು ಅಂದರು. ಬೇರು ಹುಡುಕೋದು ಅಂದ್ರೆ ಕೆಲವರಿಗೆ ಹವ್ಯಾಸ. ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಜನ ಮೊದಲ ಸಲ ತಮ್ಮ ವಂಶವೃಕ್ಷ ಬರೆಯೋದು ಹೀಗೆ, ಪಹಣಿಗೋಸ್ಕರ. ಅಜ್ಜನ ಕೆಳಗೆ ಅಪ್ಪ, ಅತ್ತೆಯರು ಅಂತ ಗೆರೆ ಎಳೆದಾಯ್ತು. ಪಕ್ಕದ ಗೆರೆಯಲ್ಲಿ ಸಣ್ಣಜ್ಜನ ಹೆಸರು. ಅದರ ಮುಂದೆ ಏನು ಬರೆಯೋದು?

ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ರೆ, ಸುದ್ದಿ ಗೊತ್ತಿರಬೇಕಾದ ಮನೆಯವರಿಗೇ ಗೊತ್ತಿಲ್ಲದಿದ್ರೆ, ಆ ವ್ಯಕ್ತಿ ಬದುಕಿಲ್ಲ ಅಂತ ನ್ಯಾಯಾಲಯ ಭಾವಿಸೋಕೆ ಕಾನೂನಿನಲ್ಲಿ ಅವಕಾಶ ಇದೆ. ಅದಕ್ಕೆ ಮನೆಯವರು ಅರ್ಜಿ ಹಾಕಬೇಕು. ವಕೀಲರು ಅರ್ಜಿ ಸಿದ್ಧ ಮಾಡಿಯೂ ಕೊಟ್ಟರು. ಅಪ್ಪ ಸಹಿ ಹಾಕಲಿಲ್ಲ. ಆ ಕಾಗದ ಎರಡು ವರ್ಷ ಬೀರುವಿನಲ್ಲಿತ್ತು. ನಾನು ನನ್ನ ಕಥೆ ಕೊಟ್ಟಿದ್ದು ಆ ಎರಡು ವರ್ಷದ ಮಧ್ಯದಲ್ಲಿ. ಸಣ್ಣಜ್ಜ ಬದುಕಿದ್ದಾರೆ ಅಂತ ಗೊತ್ತಿಲ್ಲದೆ ಬರೆದು, ಸತ್ತಿದ್ದಾರೆ ಅಂತ ಸಹಿ ಹಾಕೋಕೆ ಆಗದವರ ಕೈಗೆ ಇಟ್ಟಿದ್ದೆ.

ಇನ್ನೊಂದು ದಾಖಲೆ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನಮ್ಮ ಕಡೆ ಹೆಳವರು ಬರ್ತಾರೆ. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಮನೆತನಗಳ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡ್ಕೊಂಡು ಬಂದ ಸಮುದಾಯ ಅದು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ತಾ ಬರ್ತಿದ್ರು. ಮನೆ ಮುಂದೆ ನಿಂತು ನಿಮ್ಮ ಮುತ್ತಜ್ಜ ಯಾರು, ಯಾವ ಊರಿಂದ ಬಂದರು, ಅವರಿಗೆ ಮಕ್ಕಳೆಷ್ಟು ಅಂತ ಹೇಳಿ, ಕಾಳುಕಡ್ಡಿ ಈಸ್ಕೊಂಡು ಮುಂದಿನ ಊರಿಗೆ ಹೋಗ್ತಾರೆ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮನೆಗೆ ಬಂದವರು ಮೋಟರ್‌ಬೈಕಲ್ಲಿ ಬಂದಿದ್ದರು, ಚೀಲದಲ್ಲಿ ದೊಡ್ಡ ಲೆಕ್ಕದ ಪುಸ್ತಕ. ಓದ್ತಾ ಓದ್ತಾ ಸಣ್ಣಜ್ಜನ ಹೆಸರು ಬಂತು. ಅದರ ಮುಂದೆ ‘ದೇಶಾಂತರ ಹೋದ’ ಅಂತ ಇತ್ತು. ಅವರಪ್ಪನ ಕಾಲದಲ್ಲಿ ಬರೆಸಿದ್ದಂತೆ. ಬರೆಸಿದವರು ನಮ್ಮಜ್ಜ.

ನೋಡಿ, ಒಬ್ಬ ಮನುಷ್ಯ. ಪಹಣಿಯ ಒಂಬತ್ತನೇ ಕಾಲಂ ಪ್ರಕಾರ ಅವರು ಇವತ್ತಿಗೂ ಹೊಲದ ಒಡೆಯ. ಅರ್ಜಿಯ ಪ್ರಕಾರ ಸತ್ತವರು. ಹೆಳವರ ಪುಸ್ತಕದ ಪ್ರಕಾರ ದಾರಿಯಲ್ಲಿದ್ದಾರೆ. ನನ್ನ ಹದಿನಾಲ್ಕು ಪುಟದ ಪ್ರಕಾರ ಮರದ ಕೆಳಗೆ ಮುದ್ದೆ ಉಣ್ತಿದ್ದಾರೆ.

ಮೊದಲ ಮೂರೂ ಒಂದಕ್ಕೊಂದು ಹೊಂದಲ್ಲ. ಆದರೆ ಮೂರನ್ನೂ ಬರೆದವರಿಗೆ ಒಂದು ಹೊಣೆ ಇತ್ತು. ನಾಲ್ಕನೇದನ್ನು ಬರೆದ ನನಗೆ ಇರಲಿಲ್ಲ. ಅವತ್ತು ನಾನು ಎರಡು ಕೆಲಸ ಮಾಡಿದೆ. ಮೊದಲನೇದು, ಮನೆಯ ವಂಶವೃಕ್ಷವನ್ನು ಒಂದು ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಬರೆದಿಟ್ಟೆ. ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಅಂತ ಪ್ರತಿ ಸಾಲಿನ ಪಕ್ಕ ಇದೆ. ಅದರಲ್ಲಿ ನನ್ನ ಕಲ್ಪನೆಯ ಒಂದಕ್ಷರ ಇಲ್ಲ. ಸಣ್ಣಜ್ಜನ ಹೆಸರಿನ ಮುಂದೆ ‘1981ರಲ್ಲಿ ಮನೆ ಬಿಟ್ಟರು’ ಅಂತಷ್ಟೇ ಇದೆ. ಎರಡನೇದು, ರಾಜೀವನ ಕಥೆಯನ್ನು ಹೊಸದಾಗಿ ಬರೆದೆ. ಈ ಸಲ ರಾಜೀವ ಕಥೆಯಲ್ಲಿ ಬರೋದೇ ಇಲ್ಲ. ಅಕ್ಕ ಇದ್ದಾಳೆ, ರಾಚೂಟಪ್ಪ ಇದ್ದಾನೆ, ಮಾತಾಡಿದ ಹುಡುಗ ಇದ್ದಾನೆ. ಹುಡುಗನಿಗೆ ವಯಸ್ಸಾಗಿದೆ. ಅವನು ಜಾತ್ರೆಯಲ್ಲಿ ನಿಂತಿದ್ದಾನೆ.

ಬರೆಯಬೇಕು ಅನ್ನೋರಿಗೆ

ಶುರು ಮಾಡಬೇಕು ಅನ್ನೋರಿಗೆ ನಾಲ್ಕು ಮಾತು.

ಸಿನಿಮಾ ಏನು ಹೇಳ್ತು ಅನ್ನೋದಕ್ಕಿಂತ ಏನು ಬಿಟ್ಟಿತು ಅಂತ ಒಂದು ಪಟ್ಟಿ ಮಾಡಿ. ಯಾರು ಬಾಗಿಲಾಚೆ ಹೋದ ಮೇಲೆ ಮತ್ತೆ ಕಾಣಿಸಲಿಲ್ಲ? ಯಾರಿಗೆ ಒಂದೇ ಒಂದು ಸಂಭಾಷಣೆ ಇತ್ತು? ನಿಮ್ಮ ಕಥೆ ಅಲ್ಲಿದೆ.

ಪಾತ್ರದ ಮಾತು ಕಿವಿಗೆ ಬೀಳೋವರೆಗೂ ಬರೀಬೇಡಿ. ಬರೆದ ಸಾಲನ್ನು ಜೋರಾಗಿ ಓದಿ. ಬಾಲಕೃಷ್ಣ ಅವರ ದನಿಯಲ್ಲಿ ಅದು ಕೇಳಿಸಲಿಲ್ಲ ಅಂದ್ರೆ ಅದು ರಾಚೂಟಪ್ಪನ ಮಾತಲ್ಲ, ನಿಮ್ಮದು.

ನಾಯಕನನ್ನು ಸ್ವಲ್ಪ ಹೊತ್ತು ಬಿಟ್ಟುಕೊಡಿ. ಕಷ್ಟ, ಗೊತ್ತು. ನಾವು ಅಭಿಮಾನಿಗಳು, ನಮ್ಮ ಕಣ್ಣು ಅವನ ಮೇಲೇ ಇರುತ್ತೆ. ಆದರೆ ಅವನು ಎದ್ದುಹೋದ ಮನೆಯ ಕಡೆ ಒಂದು ಸಲ ತಿರುಗಿ ನೋಡಿ.

ಕೊನೇದು. ಕಥೆ ಬರೀತಾ ಬರೀತಾ ಯಾವುದಾದ್ರೂ ಪಾತ್ರ ನಿಮ್ಮನೆಯವರ ಥರ ಕಾಣೋಕೆ ಶುರುವಾದ್ರೆ, ಅಲ್ಲೇ ನಿಲ್ಲಿಸಿ, ಫೋನ್ ಮಾಡಿ ಕೇಳಿ. ಹೇಳೋರು ಇನ್ನೂ ಇದ್ದಾರೆ ಅನ್ನೋವಾಗಲೇ ಕೇಳಿ. ಸಣ್ಣಜ್ಜ ಹೋದಾಗ ಮನೆಯಲ್ಲಿದ್ದವರಲ್ಲಿ ಈಗ ಉಳಿದಿರೋದು ಅಪ್ಪ ಮತ್ತು ಒಬ್ಬ ಅತ್ತೆ ಮಾತ್ರ. ಅತ್ತೆಯನ್ನು ಕೇಳಿದಾಗ ಅಪ್ಪನಿಗೂ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಆ ರಾತ್ರಿ ಸಣ್ಣಜ್ಜ ವಾಪಸ್ ಬರ್ತಾರೆ ಅಂತ ಅಜ್ಜಿ ಒಂದು ತಟ್ಟೆ ಮುಚ್ಚಿಟ್ಟಿದ್ದರಂತೆ. ಆ ತಟ್ಟೆಯಲ್ಲಿ ಮತ್ತೆ ಯಾರಿಗೂ ಬಡಿಸಲಿಲ್ಲವಂತೆ. ಅದೀಗ ನನ್ನ ನೋಟ್‌ಬುಕ್ಕಿನಲ್ಲಿದೆ, ಅತ್ತೆ ಹೇಳಿದ ದಿನಾಂಕದ ಸಮೇತ. ಕಥೆಯಲ್ಲಿ ಹಾಕಿಲ್ಲ.

ಅರ್ಜಿ ಏನಾಯ್ತು ಅಂತ ಕೇಳ್ತೀರಿ. ಅಪ್ಪ ಈ ಯುಗಾದಿ ಆದಮೇಲೆ ಸಹಿ ಹಾಕಿದರು. ಅತ್ತೆಯ ಮಕ್ಕಳಿಗೆ ಭಾಗ ಸಿಗಬೇಕು, ಎಷ್ಟು ದಿನ ಅಂತ ತಡೆಯೋದು. ಸಹಿ ಹಾಕಿ, ಪೆನ್ನಿನ ಕ್ಯಾಪ್ ಹಾಕ್ತಾ, ‘ಇದು ಹೊಲಕ್ಕೆ’ ಅಂದರು. ‘ಹೆಳವರ ಪುಸ್ತಕದಾಗೆ ಇದ್ದಂಗೇ ಇರ್ಲಿ.’

ಇವತ್ತಿಗೆ ಇಷ್ಟು. ನಿಮ್ಮ ಅಚ್ಚುಮೆಚ್ಚಿನ ನಟರು ಯಾರು, ಅವರ ಯಾವ ಸಿನಿಮಾದ ಕೊನೆ ನಿಮಗೆ ಇನ್ನೂ ಒಪ್ಪಿಗೆ ಆಗಿಲ್ಲ ಅಂತ ಬರೆದು ತಿಳಿಸಿ. ಆಮೇಲೆ ಒಂದು ಕೆಲಸ ಮಾಡಿ. ಆ ಸಿನಿಮಾನ ನಿಮಗೆ ಮೊದಲು ತೋರಿಸಿದವರು ಯಾರು ಅಂತ ನೆನಪು ಮಾಡ್ಕೊಂಡು, ಅವರಿದ್ರೆ ಒಂದು ಫೋನ್ ಹಚ್ಚಿ. ಮುಂದಿನ ವಾರ ಸಿಗೋಣ. ನಮಸ್ಕಾರ.